ತಾಯಿಯ ಬಲಭುಜದ ಹೂವಿಗೆ ನಾನು ಹಚ್ಚಿದ ಗಂಧ

ದ್ಯಾಮವ್ವ ತಾಯಿಯನ್ನು ನಂಬಿದ ಎಲ್ಲರಿಗೂ ಗೋವೆಯ ಸಡಾದ ಯಮನಪ್ಪನ ಶರಣು.

ಹೋದ ವರ್ಷ ಜೂನ್ ತಿಂಗಳಲ್ಲಿ ನನ್ನ ಮೊಮ್ಮಗಳು ಅಕ್ಷತಾಗೆ ಪುಣೆಯಲ್ಲಿ ಗಣಿತದ ಎಂ.ಎಸ್ಸಿ. ಓದಲು ಸೀಟು ಸಿಕ್ಕಿತ್ತು. ಆ ಸೀಟು ಹೋಯಿತು. ಹೋದದ್ದು ನನ್ನ ಕೈಯಿಂದ. ಆಮೇಲೆ ಒಂದು ದಿನ ಮೊಮ್ಮಗಳೇ ಕೈಬಿಟ್ಟು ಹೋದಳೇನೋ ಎನ್ನುವ ಗಳಿಗೆಯೂ ಬಂತು. ಅಂದು ತಾಯಿ ಆಕೆಯನ್ನು ತಿರುಗಿ ಕೊಟ್ಟಳು. ತಾಯಿ ಕೊಟ್ಟದ್ದನ್ನು ಬರೆಯಬೇಕಾದರೆ ನಾನು ಮಾಡಿದ್ದನ್ನು ಬಿಟ್ಟು ಬರೆಯಲು ಬರುವುದಿಲ್ಲ. ಓದಿದವರು ನನ್ನನ್ನು ಬೈಯಲಿ, ತಾಯಿಯ ಮೇಲೆ ಮಾತ್ರ ಸಂಶಯ ಪಡಬೇಡಿ.

ನಾನು ಬಾಗಲಕೋಟೆ ಕಡೆಯವನು. ಹತ್ತನೇ ಇಯತ್ತೆ ಪಾಸಾಗಿ ಗೋವೆಗೆ ಬಂದೆ. ಬಂದರಿನಲ್ಲಿ ಮೊದಲು ಹಮಾಲಿ ಮಾಡಿದೆ. ಓದು ಬರಹ ಬರುತ್ತದೆಂದು ಮುಂದೆ ಕಾಟಾದ ಮೇಲೆ ಹಾಕಿದರು. ಅದಿರು ಹೊತ್ತ ಲಾರಿಗಳನ್ನು ತೂಗುವ ದೊಡ್ಡ ತಕ್ಕಡಿಗೆ ಇಲ್ಲಿ ಕಾಟಾ ಎನ್ನುತ್ತಾರೆ. ಪೆನ್ಶನ್ ಆಗುವ ತನಕ ಅಲ್ಲೇ ಇದ್ದೆ. ಹೆಂಡತಿ ತೀರಿಕೊಂಡಿದ್ದಾಳೆ. ಮಗ ಮಲ್ಲೇಶ ಮಡ್ಕಯಿಯ ಒಂದು ಕಾರಖಾನೆಯಲ್ಲಿದ್ದಾನೆ. ಸೊಸೆ ರೇಣುಕಾ ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಕೂಲಿಕಾರರ ಖಾನಾವಳಿಗೆ ಕೊಡುತ್ತಾಳೆ. ಅವರಿಬ್ಬರಿಗೆ ಅಕ್ಷತಾ ಒಬ್ಬಳೇ ಮಗಳು.

ಸಾಲ ಎಂದರೆ ನಾನು ಯಾಕೆ ಬೆಚ್ಚುತ್ತೇನೆ ಎನ್ನುವುದನ್ನೂ ಹೇಳಬೇಕು. ಅದಿರಿನ ಧಂದೆ ಜೋರಾಗಿದ್ದ ಕಾಲದಲ್ಲಿ ಮಲ್ಲೇಶ ಬ್ಯಾಂಕಿನಿಂದ ಸಾಲ ತೆಗೆದು ಒಂದು ಟಿಪ್ಪರ್ ಕೊಂಡ. ಜಾಮೀನಿಗೆ ನಾನು ಸಹಿ ಹಾಕಿದೆ. ದಿನಕ್ಕೆ ಇಷ್ಟು ಖೇಪು, ತಿಂಗಳಿಗೆ ಇಷ್ಟು ಗಳಿಕೆ, ಕಂತು ಕಳೆದು ಇಷ್ಟು ಉಳಿತಾಯ ಎಂದು ನಾನೇ ಲೆಕ್ಕ ಹಾಕಿ ಕೊಟ್ಟಿದ್ದೆ. ಮುಂದೆ ಗಣಿಗಳು ಬಂದಾದವು. ಟಿಪ್ಪರ್ ಸಡಾದ ರಸ್ತೆ ಬದಿಗೆ ತಾಡಪತ್ರಿ ಹೊದ್ದು ನಿಂತಿತು. ನಿಂತ ಗಾಡಿಗೂ ಕಂತು ನಿಲ್ಲುವುದಿಲ್ಲ. ವಸೂಲಿಯವರು ಬಂದು ಬಾಗಿಲಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಮಾತಾಡಿದರು. ನನ್ನ ಹೆಂಡತಿಯ ಬೋರಮಾಳ ಹೋಯಿತು. ನನ್ನ ಗ್ರ್ಯಾಚುಟಿ ಹೋಯಿತು. ಕೊನೆಗೆ ಟಿಪ್ಪರನ್ನೂ ಎಳೆದುಕೊಂಡು ಹೋದರು. ಕೊರಳು ಬರಿದಾದ ಮೇಲೆ ಆಕೆ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಅದನ್ನು ನಾನು ಸಾಯುವ ತನಕ ಮರೆಯಲಾರೆ.

ಅಕ್ಷತಾ ವಾಸ್ಕೋದ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದಳು. ಮನೆಯ ತಗಡಿನ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಏನೇನೋ ಬರೆಯುತ್ತಿದ್ದಳು. ಅದರಲ್ಲಿ ಅಂಕಿಗಳೇ ಇರುತ್ತಿರಲಿಲ್ಲ, ಬರೀ ಅಕ್ಷರಗಳು.

"ಅಲ್ಲವಾ, ಇದು ಲೆಕ್ಕೇನ? ಇದರಾಗ ಒಂದ, ಎರಡ ಎಲ್ಲಿ ಅದಾವು?" ಎಂದು ಒಮ್ಮೆ ಕೇಳಿದ್ದೆ.

"ಅಜ್ಜಾ, ನೀ ತೂಗೂ ಲೆಕ್ಕ ಬ್ಯಾರೆ, ಇದು ಬ್ಯಾರೆ. ಇದನ್ನ ತೂಗಾಕ ಬರಂಗಿಲ್ಲ."

"ತೂಗಾಕ ಬರಲಾರದ್ದನ್ನ ಯಾರು ಕೊಳ್ತಾರ?"

ಆಕೆ ನಕ್ಕುಬಿಟ್ಟಳು. ಆಗ ನಾನೂ ನಕ್ಕೆ.

ಪುಣೆಯ ಸೀಟು ಬಂದಾಗ ನಗು ನಿಂತಿತು. ಫೀ, ಹಾಸ್ಟೆಲ್, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ ಐದು ಲಕ್ಷದ ಹತ್ತಿರ ಸಾಲ ಬೇಕಾಗುತ್ತಿತ್ತು. ಬ್ಯಾಂಕಿನವರು ನನ್ನ ಪೆನ್ಶನ್ ನೋಡಿ ನನ್ನದೂ ಸಹಿ ಬೇಕು ಎಂದರು. ನಾನು ತೂಗಲು ಕುಳಿತೆ. ಒಂದು ಕಡೆ ಸಾಲ, ಅದರ ಬಡ್ಡಿ. ಇನ್ನೊಂದು ಕಡೆ ಗಣಿತ ಓದಿದವರ ಗಳಿಕೆ. ನಮ್ಮ ಓಣಿಯ ಒಬ್ಬ ಹುಡುಗ ಎಂ.ಎಸ್ಸಿ. ಮಾಡಿ ಖಾಸಗಿ ಶಾಲೆಯಲ್ಲಿ ಹದಿನೈದು ಸಾವಿರಕ್ಕೆ ಪಾಠ ಹೇಳುತ್ತಿದ್ದ, ಅದೂ ವರ್ಷ ವರ್ಷ ಹೊಸ ಆರ್ಡರ್ ಬಂದರೆ ಮಾತ್ರ. ಅವನೊಬ್ಬನನ್ನೇ ನೋಡಿ ನಾನು ತಕ್ಕಡಿಯ ಆ ಕಡೆ ತುಂಬಿದೆ. ಬೇರೆ ಯಾರನ್ನೂ ಕೇಳಲಿಲ್ಲ. ಕಂತು ಯಾವಾಗಿನಿಂದ ಶುರುವಾಗುತ್ತದೆ ಎಂದು ಬ್ಯಾಂಕಿನಲ್ಲಿ ಸಹ ಕೇಳಲಿಲ್ಲ. ಖಾಲಿ ಲಾರಿಯನ್ನು ತೂಗದೆ ಮಾಲಿನ ತೂಕ ಬರೆದವನನ್ನು ಕಾಟಾದಲ್ಲಿ ನಾನೇ ಬೈದಿದ್ದೆ. ಅದೇ ತಪ್ಪನ್ನು ಮನೆಯಲ್ಲಿ ನಾನು ಮಾಡಿದೆ.

"ಮಡ್ಕಯಿಯಾಗ ಅಪ್ಪನ ಕಾರಖಾನಿ ಬಾಜೂಕ ಲ್ಯಾಬಿಗೆ ಬಿ.ಎಸ್ಸಿ. ಆದವರನ್ನ ತುಗೊಳಾಕತ್ಯಾರ. ಮೊದಲ ತಿಂಗಳದಿಂದ ಪಗಾರ. ಸಾಲ ಇಲ್ಲ ಸೂಲ ಇಲ್ಲ" ಎಂದೆ.

"ಅಜ್ಜಾ, ಇದು ಟಿಪ್ಪರ್ ಅಲ್ಲ. ನಾ ಓದಿದ್ದನ್ನ ಯಾರೂ ಎಳಕೊಂಡು ಹೋಗಾಕ ಬರಂಗಿಲ್ಲ."

"ಟಿಪ್ಪರಿನ ಕಂತು ಕಟ್ಟಿದವ ನಾ. ನನಗ ಕಲಸಬ್ಯಾಡ."

ಹೀಗೆ ಹತ್ತಾರು ದಿನ ನಡೆಯಿತು. ಮಲ್ಲೇಶ ತಲೆ ಕೆಳಗೆ ಹಾಕಿ ಕೂರುತ್ತಿದ್ದ. ಟಿಪ್ಪರಿನ ಮಾತು ಬಂದರೆ ಅವನ ಬಾಯಿ ಕಟ್ಟುತ್ತದೆ. ಕೊನೆಗೆ ರೇಣುಕಾ, "ಮಾವಾರ, ನೀವೂ ಬ್ಯಾಡ, ಆಕಿನೂ ಬ್ಯಾಡ. ತಾಯಿನ್ನ ಕೇಳೂಣು. ಆಕಿ ಹೆಂಗ ಅಂತಾಳ ಹಂಗ" ಎಂದಳು. ಅಕ್ಷತಾ ಒಪ್ಪಿದಳು. ಗೆಲ್ಲುತ್ತೇನೆಂಬ ಧೈರ್ಯ ಅವಳಿಗಿತ್ತು ಎಂದು ಈಗ ಅನಿಸುತ್ತದೆ.

ಹೂ ಕೇಳುವುದು ನಿಮಗೆಲ್ಲ ಗೊತ್ತಿದೆ. ಗೋವೆಯ ಗುಡಿಗಳಲ್ಲಿ ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ತಾಯಿಯ ಎರಡೂ ಭುಜಗಳಿಗೆ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ, ಕೈಮುಗಿದು ಕೇಳಬೇಕು. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಸಡಾದಲ್ಲಿ ನಾವು ಕೂಲಿಯವರೆಲ್ಲ ಸೇರಿ ಕಟ್ಟಿದ ಗುಡಿಯಲ್ಲಿ ಎಸಳು ಅಂಟಿಸುವ ಕೆಲಸ ನನ್ನದಾಗಿತ್ತು. ಪೂಜಾರಿ ಫಕೀರಪ್ಪನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಹಿರಿಯ, ನಂಬಿಗಸ್ಥ ಎಂದು ಎಲ್ಲರೂ ನನಗೇ ವಹಿಸಿದ್ದರು.

ಆ ಮಂಗಳವಾರ ಎಡದ ಎಸಳನ್ನು ನೀರಿನಿಂದಲೇ ಅಂಟಿಸಿದೆ. ಬಲದ ಎಸಳಿನ ಹಿಂದೆ, ತಾಯಿಗೆ ಹಚ್ಚಲು ತೇಯ್ದಿಟ್ಟ ಗಂಧವನ್ನು ಬೆರಳ ತುದಿಯಿಂದ ದಪ್ಪಗೆ ಸವರಿದೆ. ಯಾರಿಗೂ ಕಾಣಲಿಲ್ಲ. ಮೊದಲೇ ಯೋಚಿಸಿಕೊಂಡು ಹೋಗಿರಲಿಲ್ಲ. ಆದರೆ ಬೆರಳು ಗಂಧದ ಬಟ್ಟಲಿಗೆ ಹೋಗುವಾಗ ನನಗೆ ಎಚ್ಚರವಿತ್ತು. ತಡೆಯಬಹುದಾಗಿತ್ತು.

ಎಡದ ಎಸಳು ಬಿತ್ತು.

ರೇಣುಕಾ ಕಣ್ಣೊರೆಸಿಕೊಂಡಳು. ಅಕ್ಷತಾ ಅಳಲಿಲ್ಲ. ಕುಂಕುಮ ಹಚ್ಚಿಕೊಂಡು, "ಇರಲಿ ಬಿಡವ್ವಾ. ದ್ಯಾಮವ್ವ ನನಗ ಕೆಟ್ಟದ್ದು ಬಯಸ್ತಾಳೇನು?" ಎಂದು ರೇಣುಕಾಳನ್ನೇ ಸಮಾಧಾನ ಮಾಡಿದಳು. ಮನೆಯಲ್ಲಿ ಅಷ್ಟು ದಿನ ನನ್ನ ಕೂಡ ಜಗಳಾಡಿದ ಹುಡುಗಿ ಅಂದಿನಿಂದ ಒಂದೇ ಒಂದು ಎದುರು ಮಾತು ಆಡಲಿಲ್ಲ. ಬಾಗಿಲ ಹಿಂದಿನ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದಳು.

ಕಾರಖಾನೆಗೆ ಸೇರಿದಳು. ಕತ್ತಲಿರುವಾಗಲೇ ಎದ್ದು ಕಂಪನಿ ಬಸ್ಸಿಗೆ ಓಡುತ್ತಿದ್ದಳು. ಪಗಾರದ ದಿನ ರೊಕ್ಕ ತಂದು ನನ್ನ ಕೈಯಲ್ಲಿ ಇಡುತ್ತಿದ್ದಳು. ಲ್ಯಾಬಿನಲ್ಲಿ ಏನು ಮಾಡುತ್ತೀ ಎಂದರೆ "ಬಾಟಲಿ ತೊಳಿತೀನಿ, ರಿಡಿಂಗ್ ಬರಿತೀನಿ" ಎನ್ನುವಳು, ಅಷ್ಟೇ. ಓಣಿಯ ಮಕ್ಕಳು ಗಣಿತ ಹೇಳಿಸಿಕೊಳ್ಳಲು ಬಂದರೆ ತಲೆನೋವು ಎಂದು ಕಳಿಸುವಳು. ಮಂಗಳವಾರ ಮಾತ್ರ ತಪ್ಪದೆ ಗುಡಿಗೆ ಬರುತ್ತಿದ್ದಳು. ಒಮ್ಮೆ ಪಕ್ಕದ ಮನೆಯ ಹೆಣ್ಣುಮಗಳಿಗೆ, "ನನಗ ಅವ್ವ ಬ್ಯಾಡ ಅಂದ್ಲು, ಅದಕ್ಕ ಪಾರಾದ್ನಿ" ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಆ ವರ್ಷವಿಡೀ ತಾಯಿಯನ್ನು ಬೇಡಿದೆ. ಏನೆಂದು ಬೇಡಿದೆ ಗೊತ್ತೇ? ಆಕೆಗೆ ಹೇಗಾದರೂ ಓದಿನ ದಾರಿ ತೋರಿಸು, ಆದರೆ ನನ್ನ ಮಾನ ಹೋಗದ ಹಾಗೆ ತೋರಿಸು. ತುಪ್ಪದ ದೀಪ ಹಚ್ಚಿದೆ, ಉಪವಾಸ ಮಾಡಿದೆ. ತಾಯಿ ಓಗೊಡಲಿಲ್ಲ. ಈಗ ತಿಳಿಯುತ್ತದೆ, ಓಗೊಡುವಂಥ ಮಾತೇ ಅದಾಗಿರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ವಾಳಪೈಯಿಂದ ಅಕ್ಷತಾಗೆ ಒಂದು ಸಂಬಂಧ ಬಂತು. ನಮ್ಮ ಕಡೆಯವರೇ, ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಹುಡುಗ ಒಳ್ಳೆಯವನೇ. ಆದರೆ ಸೊಸೆ ಹೊರಗೆ ದುಡಿಯುವುದೂ ಬೇಡ, ಓದುವುದೂ ಬೇಡ ಎಂದು ಮೊದಲೇ ಹೇಳಿದ್ದರು. ಅಕ್ಷತಾಳನ್ನು ಕೇಳಿದರೆ, "ದ್ಯಾಮವ್ವನ್ನ ಕೇಳ್ರಿ. ಆಕಿ ಹೂಂ ಅಂದ್ರ ನನ್ನದೂ ಹೂಂ" ಎಂದಳು. ಮಂಗಳವಾರ ಬೆಳಿಗ್ಗೆ ಎರಡೂ ಮನೆಯವರು ಗುಡಿಯಲ್ಲಿ ಸೇರಿದೆವು. ಮಲ್ಲೇಶನಿಗೆ ರಜೆ ಸಿಕ್ಕಿರಲಿಲ್ಲ. ಎಸಳು ಅಂಟಿಸಲು ನನ್ನನ್ನೇ ಕರೆದರು.

ಎದುರಿಗೆ ಅಕ್ಷತಾ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಎಡಕ್ಕೋ ಬಲಕ್ಕೋ, ಯಾವುದು ಬಿದ್ದರೂ ಅದರ ಮೇಲೆ ತನ್ನ ಇಡೀ ಬಾಳನ್ನು ಇಟ್ಟುಬಿಡುವ ಮುಖ. ನಾನು ಎಸಳನ್ನು ನೀರಲ್ಲಿ ಅದ್ದಿದೆ. ಕೈ ಮೇಲೇಳಲಿಲ್ಲ.

"ಲಗೂ ಹಚ್ಚ್ರಿ ಅಜ್ಜಾರ, ನಮಗ ವಾಳಪೈ ಬಸ್ ತಪ್ಪತೈತಿ" ಎಂದರು ಹುಡುಗನ ತಾಯಿ.

"ನಾ ಹಚ್ಚಂಗಿಲ್ರಿ" ಎಂದೆ. ಬಾಯಿ ತಾನಾಗಿ ತೆರೆಯಿತು. "ಹ್ವಾದ ವರ್ಷ ಬಲಕ್ಕ ನಾ ಗಂಧ ಹಚ್ಚಿ ಅಂಟಸಿದ್ನಿ. ಬೀಳಬಾರದು ಅಂತ ಹಚ್ಚಿದ್ನಿ. ತಾಯಿ ಬ್ಯಾಡ ಅಂದಿಲ್ಲ. ಬ್ಯಾಡ ಅಂದಾಂವ ನಾ."

ಹುಡುಗನ ತಾಯಿ ಗಂಡನ ಕಡೆ ತಿರುಗಿ, "ಕೇಳಿದ್ರ್ಯಾ? ಇವರು ದೇವರಿಗೂ ಗೋಂದು ಹಚ್ಚೂ ಮಂದಿ. ನಡೀರಿ, ನಡೀರಿ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟರು.

ಫಕೀರಪ್ಪ ಗರ್ಭಗುಡಿಯ ಚೌಕಟ್ಟು ಹಿಡಿದುಕೊಂಡು, "ಯಮನಪ್ಪಾ, ನನ್ನ ಕಣ್ಣು ಹೋಗಿದ್ದು ಊರಿಗೆಲ್ಲ ಗೊತ್ತಿತ್ತು. ನಿನ್ನ ಕೈ ಹೋಗಿದ್ದನ್ನ ಹೇಳಲೇ ಇಲ್ಲಲ್ಲೋ" ಎಂದ.

ರೇಣುಕಾ, "ಮಾವಾರ, ಏನಂದ್ರಿ? ಇನ್ನೊಮ್ಮೆ ಹೇಳ್ರಿ" ಎಂದಳು. ಹೇಳಿದೆ. ಆಕೆ ಅಲ್ಲೇ ಕಂಬಕ್ಕೊರಗಿ ಕುಸಿದು ಕೂತಳು. ನಾವು ಆಕೆಯನ್ನು ಎಬ್ಬಿಸುವಷ್ಟರಲ್ಲಿ ಅಕ್ಷತಾ ಚಪ್ಪಲಿ ಮೆಟ್ಟಿಕೊಂಡು ಹೋಗಿಯಾಗಿತ್ತು.

ಮನೆಗೆ ಹೋಗಿದ್ದಾಳೆ ಎಂದುಕೊಂಡೆವು. ಮನೆಗೆ ಬೀಗ ಹಾಕಿತ್ತು. ಅವಳ ಫೋನು ಒಳಗೆ ಚಾರ್ಜಿಗೆ ಹಾಕಿದಲ್ಲೇ ಇತ್ತು. ಮಲ್ಲೇಶನಿಗೆ ಫೋನು ಮಾಡಿದರೆ ಕಾರಖಾನೆಗೂ ಬಂದಿಲ್ಲ ಎಂದ, ಆಚೆ ಫೋಂಡಾ ಬಸ್ ಸ್ಟ್ಯಾಂಡಿನಲ್ಲಿ ನೋಡುತ್ತೇನೆ ಎಂದ. ಸಡಾ ಗುಡ್ಡದ ಒಂದು ಮಗ್ಗಲು ನೇರ ಸಮುದ್ರಕ್ಕೆ ಇಳಿಯುತ್ತದೆ. ರೇಣುಕಾಳ ಕಾಲು ಆ ಕಡೆಗೇ ನಡೆಯಿತು. ನಾನು ಹಿಂದೆ ಹಿಂದೆ ಹೋದೆ. ಬಂಡೆಗಳ ಮೇಲೆ ನಿಂತು ಕೆಳಗೆ ನೋಡಿದೆವು. ಗಾಳ ಹಾಕಿ ಕೂತಿದ್ದ ಒಬ್ಬನನ್ನು ಕೇಳಿದೆವು. ಯಾರೂ ಬಂದಿಲ್ಲ ಎಂದ. ಆ ಮಾತಿಗೆ ನಾನು ಅವನ ಕಾಲು ಹಿಡಿಯುವುದೊಂದು ಬಾಕಿ.

ಅಲ್ಲಿಂದ ವಾಸ್ಕೋಗೆ ಬಸ್ ಹತ್ತಿದೆವು. ಕಾಲೇಜಿಗೆ ಸೂಟಿ, ಗೇಟು ಮುಚ್ಚಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಮಾರುವವರನ್ನು, ಕಂಡಕ್ಟರುಗಳನ್ನು ಕೇಳುತ್ತ ರೇಣುಕಾ ತಿರುಗಿದಳು. ಅವಳ ಹೆಜ್ಜೆಗೆ ಸಾಟಿಯಾಗದೆ ನಾನು ಶಟಲ್ ಬಸ್ಸಿನ ಸಾಲಿನ ಹತ್ತಿರ ಒಂದು ಕಟ್ಟೆಯ ಮೇಲೆ ಕೂತೆ. ಮಧ್ಯಾಹ್ನದ ಬಿಸಿಲು ಡಾಂಬರಿನಿಂದ ಮೇಲೇಳುತ್ತಿತ್ತು. ಒಂದು ಹೆಂಗಸು ನನ್ನ ಮುಖ ನೋಡಿ ನೀರು ಕೊಟ್ಟಳು.

ಅಲ್ಲಿ ನಾನು ತಾಯಿಯನ್ನು ಬೇಡಿದ್ದೇ ಬೇರೆ ಥರ. ತುಪ್ಪ ಇಲ್ಲ, ದೀಪ ಇಲ್ಲ. ಸೀಟನ್ನು ಕೇಳಲಿಲ್ಲ, ಮಾನವನ್ನೂ ಕೇಳಲಿಲ್ಲ. "ತಾಯಿ, ನಿನ್ನ ಹೆಸರು ಹೇಳಿ ಆಕಿಗೆ ಮೋಸ ಮಾಡಿದ್ನಿ. ಈಗ ಆಕಿಗೆ ನಾನೂ ಇಲ್ಲ, ನೀನೂ ಇಲ್ಲ. ನನ್ನ ಬಿಡು. ಆಕಿ ಎಲ್ಲೆ ಇದ್ರೂ ನೀ ಬಾಜೂಕ ಇರು" ಎಂದೆ. ಜನ ನೋಡುತ್ತಿದ್ದರು. ಜೋರಾಗಿಯೇ ಅಂದಿರಬೇಕು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ರೇಣುಕಾ ಫೋನನ್ನು ಕಿವಿಗೆ ಒತ್ತಿಕೊಂಡು ಗುಂಪಿನೊಳಗಿಂದ ಓಡಿ ಬರುತ್ತಿದ್ದಳು. "ಅದಾಳ್ರಿ ಮಾವಾರ! ಪಣಜಿಯಾಗ ಅದಾಳ! ಮೇಡಂ ಮನ್ಯಾಗ!"

ಫೋನು ಮಾಡಿದವರು ಕಾಲೇಜಿನಲ್ಲಿ ಆಕೆಗೆ ಗಣಿತ ಕಲಿಸಿದ ಮೇಡಂ. ಗುಡಿಯಿಂದ ಇಳಿದವಳು ಎದುರಿಗೆ ಬಂದ ಬಸ್ ಹತ್ತಿ, ಮತ್ತೊಂದು ಬಸ್ ಬದಲಿಸಿ, ನೇರ ಅವರ ಮನೆಗೆ ಹೋಗಿದ್ದಳು. ನಾವು ಹೋದಾಗ ಮೇಡಂ ಹೊರಗೆ ಬಂದು ನನ್ನ ತೋಳು ಹಿಡಿದರು. "ಭಿಯೆವ್ ನಾಕಾ, ಆಜೊಬಾ" ಎಂದರು. ಹೆದರಬೇಡಿ ಅಜ್ಜ ಎಂದು.

ಅಕ್ಷತಾ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ರೇಣುಕಾ ಹೋಗಿ ತಬ್ಬಿಕೊಂಡಳು. ನಾನು ಮೆಟ್ಟಿಲ ಮೇಲೇ ನಿಂತೆ. ಬಹಳ ಹೊತ್ತಿನ ಮೇಲೆ ಅಕ್ಷತಾ ನನ್ನ ಕಡೆ ನೋಡಿದಳು.

"ಯಾಕ ಅಜ್ಜಾ?"

"ಅಂಜಿಕಿ ಆತವಾ. ಆ ಟಿಪ್ಪರ್..."

"ಟಿಪ್ಪರ್ ಬಿಡು. ನೀ ಬ್ಯಾಡ ಅಂದಿದ್ರ ನಾ ನಿನ್ನ ಕೂಡ ಜಗಳಾಡ್ತಿದ್ನಿ. ಗೆಲ್ತಿದ್ನಿ, ಇಲ್ಲಾ ಸೋಲ್ತಿದ್ನಿ. ಅವ್ವನ ಕೂಡ ಹೆಂಗ ಜಗಳಾಡ್ಲಿ ಹೇಳು?"

ನಾನು ಆ ಮೆಟ್ಟಿಲ ಮೇಲೇ ಕೂತೆ.

ಮೇಡಂ ಚಹಾ ತಂದರು. ಅರ್ಧ ಹಿಂದಿ, ಅರ್ಧ ಕೊಂಕಣಿಯಲ್ಲಿ ಹೇಳಿದರು. ಪುಣೆಯ ಸೀಟು ಹೋಯಿತು, ಅದು ತಿರುಗಿ ಬರುವುದಿಲ್ಲ. ಆದರೆ ಇಲ್ಲೇ ಪಣಜಿ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಇದೆ, ಅರ್ಜಿ ಹಾಕಲು ಇನ್ನೂ ದಿನಗಳಿವೆ. ಹಾಸ್ಟೆಲ್ ಬೇಡ, ಸಡಾದಿಂದ ಬಸ್ಸಿನಲ್ಲಿ ಬಂದು ಹೋಗಬಹುದು. ಸಾಲ ಬಹಳ ಕಡಿಮೆ ಸಾಕು. ಕಂತು ಕಟ್ಟುವುದು ಓದು ಮುಗಿದ ಮೇಲೆ. ಪುಣೆಯ ಸಾಲಕ್ಕೂ ಹಾಗೇ ಇತ್ತಂತೆ. ಆ ಮಾತು ಕೇಳಿ ಚಹಾದ ಕಪ್ಪು ಕೆಳಗಿಟ್ಟೆ.

"ಗಣಿತದಿಂದ ಗಳಿಕೆ ಆಗತೈತೇನ್ರಿ ಮೇಡಂ?" ಎಂದು ರೇಣುಕಾ ಕೇಳಿದಳು. ಅವರು ಸುಳ್ಳು ಹೇಳಲಿಲ್ಲ. ಎಲ್ಲರಿಗೂ ಆಗುವುದಿಲ್ಲ, ಮೊದಲ ವರ್ಷಗಳು ಕಷ್ಟವೇ ಎಂದರು. ಆದರೆ ತಮ್ಮ ತರಗತಿಯಲ್ಲಿ ಪುಸ್ತಕ ಹೇಳಿದ ದಾರಿ ಬಿಟ್ಟು ಬೇರೆ ದಾರಿಯಿಂದ ಉತ್ತರಕ್ಕೆ ಬರುತ್ತಿದ್ದವಳು ಇವಳೊಬ್ಬಳೇ, ಇವಳು ಮುಂದೆ ಓದಲಿಲ್ಲ ಎಂದು ತಾವು ಒಂದು ವರ್ಷ ಹಳಹಳಿಸಿದ್ದಾಗಿ ಹೇಳಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಷತಾ ತನ್ನ ತಾಯಿಯ ಹತ್ತಿರ ಕೂತಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಕೊರ್ಟಾಲಿಮ್ ಸೇತುವೆಯ ಮೇಲೆ ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ನೋಡುತ್ತಲೇ ಕೂತಿದ್ದೆ. ತಾಯಿ ಕೊಟ್ಟಳು, ಕೊಟ್ಟಳು ಎಂದು ಮನಸ್ಸು ಹೇಳುತ್ತಿತ್ತು.

ಜುಲೈಯಲ್ಲಿ ಆಕೆಗೆ ಪ್ರವೇಶ ಸಿಕ್ಕಿತು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅಜ್ಜ ಮೊಮ್ಮಗಳು ಮತ್ತೊಮ್ಮೆ ತೂಗಿ ನೋಡಿದೆವು. ಈ ಸಲ ಆಕೆ ಹೇಳಿದಳು, ನಾನು ಕೇಳಿದೆ. "ಹೆಚ್ಚಿನ ಲಾಭ ಏನಿಲ್ಲ ಅಜ್ಜಾ. ಸಾಲ ತೀರತೈತಿ, ಹೊಟ್ಟಿ ತುಂಬತೈತಿ, ಅಷ್ಟ" ಎಂದಳು. ನನಗೆ ಆಗಲೂ ಅಂಜಿಕೆ ಇತ್ತು. ಕಾಗದವನ್ನು ಎರಡೆರಡು ಸಲ ಓದಿದೆ. ಬ್ಯಾಂಕಿನ ಹುಡುಗ "ನಿಧಾನ ಅಜ್ಜಾ" ಎಂದ. ಅಂಜುತ್ತಲೇ ಸಹಿ ಹಾಕಿದೆ. ಕಾರಖಾನೆಯ ಪಗಾರದಲ್ಲಿ ಆಕೆ ನನ್ನ ಕೈಗೆ ಕೊಟ್ಟದ್ದನ್ನು ನಾನು ಮುಟ್ಟಿರಲಿಲ್ಲ, ಅದೇ ಮೊದಲ ಫೀಗೆ ಆಯಿತು.

ಈಗ ಆಕೆ ದಿನಾ ಪಣಜಿಗೆ ಹೋಗಿ ಬರುತ್ತಾಳೆ. ಬಾಗಿಲ ಹಿಂದೆ ಮತ್ತೆ ಬರೆಯುತ್ತಾಳೆ. ನನ್ನ ಕೂಡ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಬಿ.ಪಿ. ಗುಳಿಗೆ ನೆನಪು ಮಾಡುತ್ತಾಳೆ. ಮುಂಚಿನಂತೆ ನಕ್ಕು ಚಾಷ್ಟಿ ಮಾಡುವುದಿಲ್ಲ. ಪುಣೆಯ ಹೆಸರು ಬಂದರೆ ಎದ್ದು ಹೋಗುತ್ತಾಳೆ. ಹೋದ ವರ್ಷವನ್ನು ನಾನು ಯಾವ ಪೆನ್ಶನ್ನಿನಿಂದ ತಂದುಕೊಡಲಿ?

ಎಸಳು ಅಂಟಿಸುವ ಕೆಲಸ ಬಿಟ್ಟಿದ್ದೇನೆ. ಫಕೀರಪ್ಪನ ಕಣ್ಣಿನ ಆಪರೇಶನ್ ಆಯಿತು, ಈಗ ಅವನೇ ಮಾಡುತ್ತಾನೆ. ಪಂಚರು ನನ್ನನ್ನು ಗುಡಿಯಿಂದ ಹೊರಗಿಡಲಿಲ್ಲ. ಮಂಗಳವಾರ ಅಂಗಳ ಕಸ ಹೊಡೆದು ನೀರು ಹಾಕುತ್ತೇನೆ. ತಾಯಿ ಇದ್ದಾಳೆ ಎನ್ನುವುದು ನನಗೆ ಮೊದಲು ಕೇಳಿ ಗೊತ್ತಿತ್ತು. ವಾಸ್ಕೋ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಮೇಲೆ ಕಂಡು ಗೊತ್ತಾಯಿತು. ಗುಡಿಯಲ್ಲಿ ಮೋಸ ಮಾಡಿದವನ ಕೂಗನ್ನು ಬೀದಿಯಲ್ಲಿ ಕೇಳಿಸಿಕೊಂಡವಳು ಅವಳು.

ಒಂದೇ ಒಂದು ಉಳಿದಿದೆ. ಅಕ್ಷತಾ ಈಗ ಗುಡಿಯೊಳಗೆ ಬರುವುದಿಲ್ಲ. ಮಂಗಳವಾರ ಕಾಲೇಜಿನಿಂದ ಬಂದವಳು ನನ್ನನ್ನು ಮನೆಗೆ ಕರೆದೊಯ್ಯಲು ಬರುತ್ತಾಳೆ, ಮೆಟ್ಟಿಲ ಕೆಳಗೆ ಚಪ್ಪಲಿ ಕಳಚದೆ ನಿಲ್ಲುತ್ತಾಳೆ. ಮಂಗಳಾರತಿಯ ತಟ್ಟೆ ಹೊರಗೆ ಹೋದರೆ ಕೈ ಚಾಚುವುದಿಲ್ಲ. ಒಮ್ಮೆ ಫಕೀರಪ್ಪ, "ಬಾರವಾ, ತಾಯಿ ಕರಿತಾಳ" ಎಂದ. "ತಾಯಿ ಕರದ್ರ ಬರ್ತೀನಿ ಕಾಕಾ. ನೀವು ಯಾರೂ ಆಕಿ ಪರವಾಗಿ ಹೇಳಬ್ಯಾಡ್ರಿ" ಎಂದಳು.

ಬಾ ಎಂದು ಕರೆಯುವ ಬಾಯಿ ನನಗೆ ಉಳಿದಿಲ್ಲ. ಕಸಬರಿಗೆ ಮೂಲೆಗಿಟ್ಟು, ತಾಯಿಗೆ ಕೈಮುಗಿದು ಇಳಿದು ಬರುತ್ತೇನೆ. ಆಕೆ ನನ್ನ ಕೈ ಹಿಡಿದುಕೊಳ್ಳುತ್ತಾಳೆ, ಇಬ್ಬರೂ ಏರು ಹತ್ತುತ್ತೇವೆ. ಸಡಾ ಕಡೆ ಬಂದವರು ತಾಯಿಯ ಮುಂದೆ ನಿಂತಾಗ ನನ್ನ ಹೆಸರು ಹೇಳಬೇಡಿರಿ. ಮೆಟ್ಟಿಲ ಕೆಳಗೆ ಒಬ್ಬ ಹುಡುಗಿ ನಿಂತಿದ್ದಾಳೆ ಎಂದಷ್ಟೇ ಹೇಳಿರಿ.